ಮೂರು ಮಿಲಿಮೀಟರ್‌ನ ಬೆಲೆ

(ಪುಣೆಯ ಕೋಥರೂಡಿನಲ್ಲಿ ಕನ್ನಡ ಗೆಳೆಯರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲೆ ಎರಡು ಹಬ್‌ಗಳನ್ನು, ಅಂದರೆ ಗಾಲಿಯ ನಡುವೆ ಅಚ್ಚಿನ ಸುತ್ತ ತಿರುಗುವ ಭಾಗಗಳನ್ನು, ಇಟ್ಟಿದ್ದೇನೆ. ಎರಡೂ ಮೌಂಟನ್ ಬೈಕಿನ ಹಿಂದಿನ ಗಾಲಿಯವು. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ನೋಡಿ, ಒಮ್ಮೆ ತಿರುಗಿಸಿ, ಹಿಂದಿನವರಿಗೆ ಕಳಿಸಿ. ಬಣ್ಣ ಒಂದೇ, ತೂಕ ಹೆಚ್ಚುಕಡಿಮೆ ಒಂದೇ, ಎರಡೂ ಎಣ್ಣೆ ಹಾಕಿದ ಗಾಣದಂತೆ ತಿರುಗುತ್ತವೆ. ವರ್ನಿಯರ್ ಹಿಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಒಂದರ ಅಗಲ 142 ಮಿಲಿಮೀಟರ್, ಇನ್ನೊಂದರದು 148. ಅಂದರೆ ಬದಿಗೆ ಮೂರು ಮಿಲಿಮೀಟರ್, ಎರಡು ನಾಣ್ಯ ಜೋಡಿಸಿ ಹಿಡಿದಷ್ಟು. 142ರ ಹಬ್ಬನ್ನು ಇಲ್ಲಿನ ಮೆಕ್ಯಾನಿಕ್ ಒಬ್ಬರು ತಮ್ಮ ಗುಜರಿ ಡಬ್ಬದಿಂದ ತೆಗೆದುಕೊಟ್ಟರು. ಅದು ಕೆಟ್ಟಿಲ್ಲ. ಅದು ಕೂರುವ ಹೊಸ ಮೌಂಟನ್ ಬೈಕ್ ಫ್ರೇಮ್ ಈಗ ಅಂಗಡಿಯಲ್ಲಿ ಸಿಗುವುದು ಅಪರೂಪ, ಅಷ್ಟೇ. ಅದಕ್ಕೇ ಅದು ಗುಜರಿ.

ನನ್ನ ವೃತ್ತಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಧಾರವಾಡ ಬಿಟ್ಟು ಬಂದ ಮೇಲೆ ಇಪ್ಪತ್ತಾರು ವರ್ಷ ಭೋಸರಿಯ ಟೂಲ್‌ರೂಮುಗಳಲ್ಲಿ ಡೈ ಮತ್ತು ಗೇಜ್ ಮಾಡಿಸಿದ್ದೇನೆ. ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಬದುಕಿದವನು. ಅಳತೆ ಬದಲಾಗಬಾರದು ಎನ್ನುವ ಹಟ ನನಗಿಲ್ಲ. ಡ್ರಾಯಿಂಗ್ ತಿದ್ದದೆ ಯಾವ ಯಂತ್ರವೂ ಸುಧಾರಿಸುವುದಿಲ್ಲ. ಆದರೆ ತಿದ್ದುವವನು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಈಗಾಗಲೇ ಕೊಂಡವನ ಗತಿ ಏನು? ಕಳೆದ ವರ್ಷ ಹೊಸ ಮೌಂಟನ್ ಬೈಕು ಕೊಳ್ಳಲು ಹೊರಟಾಗ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಇನ್ನೂ ಬಿಟ್ಟಿಲ್ಲ.

ಮೊದಲು ಮನೆಯ ಸೈಕಲ್ಲಿನ ಮಾತು. ಅಪ್ಪ 1974ರಲ್ಲಿ ಒಂದು ಕರಿ ಸೈಕಲ್ ಕೊಂಡಿದ್ದರು. 28 ಇಂಚಿನ ಗಾಲಿ, ಕಡ್ಡಿ ಬ್ರೇಕು, ಹಿಂದೆ ಕಬ್ಬಿಣದ ಕ್ಯಾರಿಯರ್. ಅದರ ಟೈರಿನ ಮೇಲೆ 28 × 1½ ಎಂದಿರುತ್ತಿತ್ತು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು 635 ಮಿಲಿಮೀಟರ್‌ನ ರಿಮ್ಮು. ಅಪ್ಪನಿಗೆ 635 ಎಂಬ ಅಂಕಿ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ಊರಿನ ಸಂತೆಯಲ್ಲಿ ಟೈರು ಸಿಗುತ್ತಿತ್ತು, ಅಜ್ಜಿಯ ಊರಿನಲ್ಲೂ ಅದೇ ಟೈರು ಸಿಗುತ್ತಿತ್ತು. ಪೆಡಲಿನ ಕೈಯನ್ನು ಬಿಗಿಹಿಡಿಯುವ ಕಾಟರ್ ಪಿನ್ನು ಸವೆದರೆ ನಾಲ್ಕಾಣೆಯ ಕೆಲಸ. ಆ ಸೈಕಲ್ಲನ್ನು ಅಪ್ಪ ಓಡಿಸಿದರು, ಅಣ್ಣ ಓಡಿಸಿದ, ನಾನು ಒಳಪೆಡಲಿನಿಂದ ಶುರುಮಾಡಿ ಸೀಟಿಗೆ ಏರಿದೆ. ಆ ರಿಮ್ಮಿಗೆ ಇವತ್ತಿಗೂ ಟೈರು ತಯಾರಾಗುತ್ತದೆ.

2011ರಲ್ಲಿ ನಾನು ಪುಣೆಯಲ್ಲಿ ಮೊದಲ ಮೌಂಟನ್ ಬೈಕು ಕೊಂಡೆ. ಅಲ್ಯೂಮಿನಿಯಂ ಫ್ರೇಮ್, 26 ಇಂಚಿನ ಗಾಲಿ, ಮುಂದಿನ ಗಾಲಿ ಹಿಡಿಯುವ ಕವಲಿಗೆ ಸಸ್ಪೆನ್ಷನ್ (ಅದೇ ಸಸ್ಪೆನ್ಷನ್ ಫೋರ್ಕ್), ರಿಮ್ಮನ್ನು ಎರಡು ಬದಿಯಿಂದ ಒತ್ತುವ ವಿ-ಬ್ರೇಕು, ಮುಂದೆ ಮೂರು ಹಿಂದೆ ಒಂಬತ್ತು ಗಿಯರು. ಈ ಊರಿನ ಗುಡ್ಡಗಳನ್ನು ಅದರಿಂದಲೇ ಕಲಿತೆ. ವೇತಾಳ ಟೇಕಡಿಯ ಕರಿಗಲ್ಲಿನ ಹಾದಿ, ಖಡಕ್‌ವಾಸ್ಲಾ ದಾಟಿ ಡೋಣಜೆಯ ಕಡೆಯ ಗರಸು ಮಣ್ಣಿನ ಇಳಿಜಾರು, ಮಳೆಗಾಲದಲ್ಲಿ ಸಿಂಹಗಡದ ಬುಡದ ಕೆಸರು. ಡೆಕ್ಕನ್ನಿನ ಕಪ್ಪು ಶಿಲೆ ಒಡೆದು ಬಿದ್ದಲ್ಲಿ ಕಲ್ಲುಗಳು ಕಾಲಿಗೆ ಸಿಕ್ಕಿ ಉರುಳುತ್ತವೆ. ಆ ಹಾದಿಯಲ್ಲಿ ಹನ್ನೆರಡು ವರ್ಷ ನನ್ನನ್ನು ಹೊತ್ತ ಸೈಕಲ್ಲು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಫೋರ್ಕಿನಿಂದ ಎಣ್ಣೆ ಕಾರಲು ಶುರುಮಾಡಿತು. ಸೀಲು ಹೋಗಿತ್ತು. ಸೀಲಿನ ಜೊತೆ ಒಳಗಿನ ನಳಿಗೆಗಳ ಹೊಳಪೂ ಸವೆದು ಹಿತ್ತಾಳೆ ಬಣ್ಣ ಕಾಣುತ್ತಿತ್ತು. ಬೆರಳಾಡಿಸಿದರೆ ಉಗುರಿಗೆ ಗೆರೆ ಸಿಗುತ್ತಿತ್ತು.

ಫೋರ್ಕ್ ಒಂದನ್ನು ಬದಲಿಸಿದರೆ ಮುಗಿಯಿತು ಎಂದುಕೊಂಡು ಪೇಟೆಗೆ ಹೋದೆ. ಅಂಗಡಿಯ ಹುಡುಗ ಸೈಕಲ್ಲಿನ ತಲೆಯ ಕೊಳವೆಯನ್ನು ನೋಡಿದ, ಗಾಲಿ ನೋಡಿದ, ಆಮೇಲೆ ಮರ್ಯಾದೆಯಿಂದಲೇ ಹೇಳಿದ: “ಕಾಕಾ, ಯಾಚಾ ಪಾರ್ಟ್ ಆತಾ ಯೇತ್ ನಾಹೀ.” ಇದರ ಬಿಡಿಭಾಗ ಈಗ ಬರುವುದಿಲ್ಲ. ಇನ್ನೂ ನಾಲ್ಕು ಅಂಗಡಿ ಸುತ್ತಿದೆ. ಎಲ್ಲ ಕಡೆ ಅದೇ ಮಾತು.

ಯಾಕೆ ಬರುವುದಿಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕಥೆ ಅಲ್ಲೇ ಇದೆ. ನನ್ನ ಫ್ರೇಮಿನ ತಲೆಕೊಳವೆ ಒಳಗೆ 34 ಮಿಲಿಮೀಟರ್. ಅದರಲ್ಲಿ ಮೇಲಿಂದ ಕೆಳಗೆ ಒಂದೇ ದಪ್ಪದ, ಒಂದೂ ಎಂಟನೇ ಒಂದು ಇಂಚಿನ ಫೋರ್ಕ್ ಕಾಂಡ ಕೂರುತ್ತದೆ. ಈಗಿನ ಒಳ್ಳೆಯ ಫೋರ್ಕುಗಳ ಕಾಂಡ ಕೆಳಗೆ ಒಂದೂವರೆ ಇಂಚಿಗೆ ಅಗಲವಾಗುತ್ತದೆ. ಅದು ನನ್ನ ಕೊಳವೆಯೊಳಗೆ ಹೋಗುವುದೇ ಇಲ್ಲ. ಹೋದರೂ ಅದು 27.5 ಅಥವಾ 29 ಇಂಚಿನ ಗಾಲಿಗಾಗಿ ಮಾಡಿದ್ದು. ಅದಕ್ಕೆ ಬೇಕಾದ ಮುಂಗಾಲಿಯ ಹಬ್ 110 ಮಿಲಿಮೀಟರ್, 15 ಮಿಲಿಮೀಟರ್‌ನ ತೂರು ಅಚ್ಚಿನದು, ಅಂದರೆ ಹಬ್ಬಿನ ಮೂಲಕ ತೂರಿಸಿ ಫೋರ್ಕಿಗೆ ಬಿಗಿಯುವ ದಪ್ಪ ಅಚ್ಚು. ನನ್ನದು 100 ಮಿಲಿಮೀಟರ್, ಸನ್ನೆ ತಿರುಗಿಸಿ ಗಾಲಿ ಬಿಚ್ಚುವ ತೆಳ್ಳನೆಯ ಕ್ವಿಕ್ ರಿಲೀಸ್. ವಿ-ಬ್ರೇಕ್ ಕೂರಿಸುವ ಮೊಳೆಯೂ ಅದರಲ್ಲಿಲ್ಲ, ಡಿಸ್ಕ್ ಬ್ರೇಕೇ ಆಗಬೇಕು. ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕೆಂದು ಆಕಳು ಕಟ್ಟಿ, ಆಕಳಿಗೆ ಮೇವು ಬೇಕೆಂದು ಹೊಲ ಮಾಡಿ, ಕೊನೆಗೆ ಸಂಸಾರವನ್ನೇ ಹೂಡಿದ ಸನ್ಯಾಸಿಯ ಕಥೆ ನಿಮಗೆಲ್ಲ ಗೊತ್ತು. ಫೋರ್ಕಿಗೆ ಹೋದವನು ಸೈಕಲ್ ಕೊಳ್ಳಬೇಕಾಯಿತು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಮೌಂಟನ್ ಬೈಕು ಹುಟ್ಟಿದ್ದೇ ಇದ್ದದ್ದನ್ನು ಬದಲಿಸಿಕೊಂಡು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮೌಂಟ್ ತಮಲ್ಪೈಸ್ ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಶುರುವಾದ ಅವರ ಓಟಕ್ಕೆ ರೀಪ್ಯಾಕ್ ಎಂದು ಹೆಸರು. ಒಂದೇ ಇಳಿತಕ್ಕೆ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಹಿಂಗಾಲಿಯ ಕೋಸ್ಟರ್ ಬ್ರೇಕಿನ ಗ್ರೀಸು ಉರಿದುಹೋಗಿ ಹೊಸದಾಗಿ ತುಂಬಬೇಕಾಗುತ್ತಿದ್ದರಿಂದ ಆ ಹೆಸರು. ಮೂವತ್ತರ ದಶಕದಿಂದ ಶ್ವಿನ್ ಕಂಪನಿ ಮಾಡುತ್ತಿದ್ದ ಆ ಸೈಕಲ್ಲುಗಳ ಟೈರು 26 ಇಂಚಿನದು. ಹಾಗಾಗಿ 26 ಇಂಚು ಮೌಂಟನ್ ಬೈಕಿನ ಅಳತೆಯಾಯಿತು. ಯಾರೂ ಕೂತು ಲೆಕ್ಕ ಹಾಕಿ ತೆಗೆದ ಅಳತೆಯಲ್ಲ ಅದು. ಕೈಗೆ ಸಿಕ್ಕದ್ದು. ಸಿಕ್ಕದ್ದೇ ಶಾಶ್ವತವಾಗಬೇಕೆಂದು ನಾನು ವಾದಿಸಲಾರೆ.

29 ಇಂಚಿನ ಗಾಲಿ ಕಲ್ಲಿನ ಮೇಲೆ ಸಲೀಸಾಗಿ ಏರುತ್ತದೆ. ಇದು ರೇಖಾಗಣಿತ. ಗಾಲಿ ದೊಡ್ಡದಾದಷ್ಟೂ ಅದೇ ಎತ್ತರದ ಕಲ್ಲು ಕಡಿಮೆ ಕೋನದಲ್ಲಿ ತಾಗುತ್ತದೆ. ನಮ್ಮ ಟೇಕಡಿಗಳಲ್ಲಿ ಅದನ್ನು ಮೊಣಕೈಗಳೇ ಹೇಳುತ್ತವೆ. ಡಿಸ್ಕ್ ಬ್ರೇಕು ಮಳೆಯಲ್ಲಿ ಹಿಡಿಯುವಂತೆ ವಿ-ಬ್ರೇಕು ಹಿಡಿಯುವುದಿಲ್ಲ. ತೂರು ಅಚ್ಚು ಗಾಲಿಯನ್ನು ಬಿಗಿಯಾಗಿ, ಪ್ರತಿ ಸಲ ಅದೇ ಜಾಗಕ್ಕೆ ಕೂರಿಸುತ್ತದೆ, ಡಿಸ್ಕು ಉಜ್ಜುವುದಿಲ್ಲ. ಇಳಿಜಾರಿನಲ್ಲಿ ಗುಂಡಿ ಒತ್ತಿದರೆ ಕೆಳಗಿಳಿಯುವ ಸೀಟು ಎಷ್ಟೋ ಜನರ ಮುಂಗೈ ಮುರಿಯದಂತೆ ಕಾಪಾಡಿದೆ ಎಂದು ನಾನು ನಂಬಿದ್ದೇನೆ. ಈ ಬದಲಾವಣೆಗಳಿಗೆ ನಾನು ಕೈಮುಗಿಯುತ್ತೇನೆ. ದುಡ್ಡು ಕೊಟ್ಟದ್ದಕ್ಕೆ ಬೇಸರವಿಲ್ಲ.

ಬೇಸರ ಬೇರೆ ಕಡೆ ಇದೆ.

27.5 ಎಂಬ ಗಾಲಿಯನ್ನೇ ನೋಡಿ. 26ಕ್ಕೂ 29ಕ್ಕೂ ಸರಿ ನಡುವಿನದು ಎಂದು ಹೆಸರು ಹೇಳುತ್ತದೆ. ಟೈರು ಕೂರುವ ರಿಮ್ಮಿನ ವ್ಯಾಸ ಅಳೆದರೆ 26 ಎಂದರೆ 559 ಮಿಲಿಮೀಟರ್, 27.5 ಎಂದರೆ 584, 29 ಎಂದರೆ 622. 26ರಿಂದ ಬರೀ 25 ಮಿಲಿಮೀಟರ್ ದೂರ, 29ರಿಂದ 38. ವ್ಯಾಸದಲ್ಲಿ 25 ಎಂದರೆ ಅಚ್ಚು ನೆಲದಿಂದ ಹನ್ನೆರಡೂವರೆ ಮಿಲಿಮೀಟರ್ ಮೇಲೇರಿತು. ಹಾಗಾದರೆ ಅದು ಹೊಸ ಅಳತೆಯೇ? ಅಲ್ಲ. 584 ಫ್ರಾನ್ಸಿನ ಹಳೆಯ 650ಬಿ ಸೈಕಲ್ಲುಗಳ ಅಳತೆ. 622 ರಸ್ತೆ ಸೈಕಲ್ಲುಗಳ 700ಸಿ. 2012ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ನೀನೊ ಶುರ್ಟರ್ 27.5ರ ಗಾಲಿಯ ಮೇಲೆ ವಿಶ್ವಕಪ್ ಓಟ ಗೆದ್ದರು. ಮುಂದಿನ ಎರಡು ವರ್ಷದೊಳಗೆ ಒಳ್ಳೆಯ ಬೈಕುಗಳ ಪಟ್ಟಿಯಿಂದ 26 ಇಂಚು ಮಾಯವಾಯಿತು. ನಾನು ನನ್ನದನ್ನು ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಈಗ ಅದೇ 27.5 ಹಿಂದೆ ಸರಿದಿದೆ. ಬಹುಪಾಲು 29, ಕೆಲವಕ್ಕೆ ಮುಂದೆ 29 ಹಿಂದೆ 27.5.

ಮುಂಗಾಲಿಯ ಹಬ್ಬಿನ ಕಥೆ ಇದಕ್ಕಿಂತ ನೋವಿನದು. ಕಠಿಣ ಇಳಿಜಾರಿನ ಬೈಕುಗಳಿಗೆ 110 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಅಚ್ಚಿನ ಹಬ್ ಮೊದಲೇ ಇತ್ತು. ಗಟ್ಟಿಮುಟ್ಟು. ಅದನ್ನು ಎಲ್ಲರಿಗೂ ಕೊಡಬಹುದಿತ್ತು. ಕೊಡಲಿಲ್ಲ, 100 ಅಗಲ 15 ಅಚ್ಚಿನದನ್ನು ತಂದರು. ಕೆಲವು ವರ್ಷಗಳ ಮೇಲೆ ಅಗಲ ಸಾಲದು ಎಂದು ಅನ್ನಿಸಿತು. ಮತ್ತೆ 110ಕ್ಕೆ ಬಂದರು. ಆದರೆ ಅಚ್ಚು 15 ಆಗಿಯೇ ಉಳಿಯಿತು, ಡಿಸ್ಕಿನ ಜಾಗವೂ ಸರಿಯಿತು. ಹಾಗಾಗಿ ಹಳೆಯ 110 ಹೊಸ 110ಕ್ಕೆ ಕೂರುವುದಿಲ್ಲ. ಹೊರಟ ಜಾಗಕ್ಕೇ ಬಂದರೂ ಹಳೆಯ ಬಾಗಿಲ ಕೀಲಿ ಹೊಂದದಂತೆ ಮಾಡಿ ಬಂದರು.

ಈಗ ನಿಮ್ಮ ಕೈಯಲ್ಲಿರುವ ಹಿಂದಿನ ಹಬ್‌ಗಳಿಗೆ ಬರುತ್ತೇನೆ. ಅವು ಮೂರನೇ ಸಾಲಿಗೆ ಹೋಗಿವೆ ಎಂದು ಕಾಣುತ್ತದೆ. ಮೊದಲು 135 ಇತ್ತು. 142 ಬಂದಾಗ ಅದನ್ನು ಮಾಡಿದವರು ಬುದ್ಧಿವಂತಿಕೆ ತೋರಿಸಿದ್ದರು. ಕಡ್ಡಿ ಕಟ್ಟುವ ಚಕ್ಕೆಗಳು 135ರಲ್ಲಿ ಎಲ್ಲಿದ್ದವೋ ಅಲ್ಲೇ ಇದ್ದವು. ಎರಡು ತುದಿಗೂ ಮೂರೂವರೆ ಮಿಲಿಮೀಟರ್ ಟೊಪ್ಪಿಗೆ ಸೇರಿಸಿದ್ದಷ್ಟೇ. ಆದ್ದರಿಂದ ಎಷ್ಟೋ ಹಬ್‌ಗಳಲ್ಲಿ ಅಚ್ಚು ಮತ್ತು ಟೊಪ್ಪಿಗೆ ಬದಲಿಸಿದರೆ ಹಳೆಯ ಗಾಲಿಯೇ ಹೊಸ ಫ್ರೇಮಿಗೆ ನಡೆಯುತ್ತಿತ್ತು. ಅಳತೆ ಬದಲಿಸಬೇಕಾದರೆ ಹೀಗೆ ಬದಲಿಸಬೇಕು. ಟೂಲ್‌ರೂಮಿನಲ್ಲಿ ನಮ್ಮ ಹಿರಿಯರು ಕಲಿಸಿದ್ದೂ ಇದನ್ನೇ, ಹಳೆಯ ಜಿಗ್ಗಿಗೆ ಒಂದು ಬುಷ್ ಹಾಕಿ ಕೆಲಸ ಆಗುವುದಾದರೆ ಜಿಗ್ ಎಸೆಯಬೇಡ.

2014ರಲ್ಲಿ ಟ್ರೆಕ್ ಮತ್ತು ಸ್ರಾಮ್ ಕಂಪನಿಗಳು ಕೂಡಿ 148 ತಂದವು. ಅದಕ್ಕೆ ಬೂಸ್ಟ್ ಎಂದು ಹೆಸರು. ಈ ಸಲ ಚಕ್ಕೆಗಳೇ ಬದಿಗೆ ಮೂರು ಮಿಲಿಮೀಟರ್ ಹೊರಗೆ ಸರಿದವು. 29ರ ದೊಡ್ಡ ಗಾಲಿಯ ಕಡ್ಡಿಗಳಿಗೆ ಒಳ್ಳೆಯ ಕೋನ ಸಿಕ್ಕಿ ಗಾಲಿ ಬಿಗಿಯಾಗುತ್ತದೆ ಎನ್ನುವುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಚಕ್ಕೆ ಸರಿದರೆ ಡಿಸ್ಕು ಸರಿಯುತ್ತದೆ, ಗಿಯರು ಸರಿಯುತ್ತದೆ, ಫ್ರೇಮಿನ ನಡುವಿನಿಂದ ಚೈನು ಓಡುವ ಗೆರೆ 49ರಿಂದ 52 ಮಿಲಿಮೀಟರ್‌ಗೆ ಸರಿಯುತ್ತದೆ, ಅದಕ್ಕೆ ತಕ್ಕ ಮುಂದಿನ ಹಲ್ಲುಚಕ್ರ ಬೇಕು. ಗಾಲಿ, ಫ್ರೇಮ್, ಕ್ರ್ಯಾಂಕು (ಪೆಡಲಿನ ಕೈ) ಮೂರೂ ಹಳೆಯವುಗಳಿಂದ ಬೇರೆಯಾದವು. ಎರಡೇ ವರ್ಷಕ್ಕೆ, 2016ರಲ್ಲಿ, ಇನ್ನೊಂದು ಕಂಪನಿ 157 ಮಿಲಿಮೀಟರ್‌ನ ಸೂಪರ್ ಬೂಸ್ಟ್ ತಂದಿತು. ಬಿಗಿಯಾದ ಗಾಲಿಗೆ 157ರಷ್ಟು ಅಗಲವೇ ಬೇಕೆಂದಾದರೆ ಇಳಿಜಾರಿನ ಬೈಕುಗಳಲ್ಲಿ ಆ ಅಗಲ ಮೊದಲೇ ಇತ್ತು. 148ರ ಮೆಟ್ಟಿಲನ್ನು ನಡುವೆ ಕಟ್ಟುವ ಅಗತ್ಯ ಏನಿತ್ತು ಎಂದು ಇವತ್ತಿಗೂ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಎರಡೂ ಹಬ್‌ಗಳ ಒಳಗೆ ಒಂದೊಂದು ಬೇರಿಂಗ್ ಕಾಣುತ್ತದೆ. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 6902 ಎಂದಿದೆ, ಕನ್ನಡಕ ಹಾಕಿಕೊಂಡು ನೋಡಿ. ಒಳವ್ಯಾಸ 15, ಹೊರವ್ಯಾಸ 28, ದಪ್ಪ 7. ಈ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಭೋಸರಿಯಲ್ಲೂ ಸಿಗುತ್ತದೆ, ಹುಬ್ಬಳ್ಳಿಯಲ್ಲೂ ಸಿಗುತ್ತದೆ, ಜಪಾನಿನಲ್ಲೂ ಸಿಗುತ್ತದೆ. ಯಾವ ಕಂಪನಿ ಮಾಡಿದರೂ ಕೂರುತ್ತದೆ. ಬೇರಿಂಗ್ ಮಾಡುವವರ ನಡುವೆ ಪೈಪೋಟಿ ಇಲ್ಲವೇ? ಬೇಕಾದಷ್ಟಿದೆ. ಉಕ್ಕಿನಲ್ಲಿ, ಗ್ರೀಸಿನಲ್ಲಿ, ಸೀಲಿನಲ್ಲಿ, ಬೆಲೆಯಲ್ಲಿ ಸೆಣಸುತ್ತಾರೆ. ಹೊರಗಿನ ಅಳತೆಯಲ್ಲಿ ಮಾತ್ರ ಯಾರೂ ಮಾತು ತಪ್ಪುವುದಿಲ್ಲ. ಸೈಕಲ್ಲಿನಲ್ಲೂ ಅಂಥ ಅಳತೆಗಳಿವೆ. ಚೈನಿನ ಒಂದು ಕೊಂಡಿಯ ನೀಳ ಅರ್ಧ ಇಂಚು. ಅಪ್ಪನ ಸೈಕಲ್ಲಿನಲ್ಲೂ ಅರ್ಧ ಇಂಚು, ಹನ್ನೆರಡು ಗಿಯರಿನ ಹೊಸ ಬೈಕಿನಲ್ಲೂ ಅರ್ಧ ಇಂಚು. ಸಣ್ಣದಾದದ್ದು ಅಗಲ ಮಾತ್ರ. ಪೆಡಲಿನ ತಿರುಪು ಒಂಬತ್ತು ಬೈ ಹದಿನಾರು ಇಂಚು, ಇಂಚಿಗೆ 20 ಎಳೆ. ನನ್ನ 2011ರ ಪೆಡಲುಗಳನ್ನೇ ಹೊಸ ಬೈಕಿಗೆ ತಿರುಗಿಸಿದ್ದೇನೆ, ಇಡೀ ಹಳೆಯ ಸೈಕಲ್ಲಿನಿಂದ ದಾಟಿ ಬಂದದ್ದು ಅವೆರಡೇ. ಅವು ಕೂತ ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಹೇಳಿದರೆ ನಿಮಗೆ ಅತಿಯೆನಿಸಬಹುದು, ಆದರೆ ನಿಜವಾಗಿ ಆಯಿತು.

ಊರಿಗೊಂದು ಸೇರು, ಊರಿಗೊಂದು ಕೊಳಗ ಇದ್ದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಒಂದೂರಿನಲ್ಲಿ ಹತ್ತು ಸೇರು ಜೋಳ ಅಳೆದು ಕೊಟ್ಟವನು ಇನ್ನೊಂದೂರಿನಲ್ಲಿ ಒಂಬತ್ತಕ್ಕೆ ಇಳಿಯುತ್ತಿದ್ದ. ನಷ್ಟ ಯಾವಾಗಲೂ ಅಳತೆಯ ಪಾತ್ರೆ ತನ್ನ ಕೈಯಲ್ಲಿಲ್ಲದವನಿಗೇ. 1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯ್ದೆ ಮಾಡಿ ಮೆಟ್ರಿಕ್ ಪದ್ಧತಿ ತಂದಿತು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಚಲಾವಣೆಗೆ ಬಂತು. ಅಷ್ಟು ದೊಡ್ಡ ದೇಶ ಒಂದು ಅಳತೆಗೆ ಒಪ್ಪಿತು. ಹಳೆಯದಕ್ಕೆ ಕಾಲಾವಕಾಶವನ್ನೂ ಕೊಟ್ಟಿತು, ಆಣೆ ಪೈಸೆಗಳು ಕೆಲವು ವರ್ಷ ಜೊತೆಯಲ್ಲೇ ನಡೆದವು. ಸೈಕಲ್ಲಿನವರು ‘ಸ್ಟ್ಯಾಂಡರ್ಡ್’ ಎಂದು ಕರೆಯುವುದರಲ್ಲಿ ಹೆಚ್ಚಿನವು ಹೀಗೆ ಕೂತು ಒಪ್ಪಿದ್ದಲ್ಲ. ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಮಾನಕ ಇದೆ. ಅದು ಸುರಕ್ಷತೆಯದು, ಫ್ರೇಮ್ ಎಷ್ಟು ಹೊಡೆತ ತಾಳಬೇಕು, ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸಬೇಕು ಎನ್ನುತ್ತದೆ. ಹಿಂದಿನ ಹಬ್ 142 ಇರಬೇಕೋ 148 ಇರಬೇಕೋ ಎನ್ನುವುದನ್ನು ಕಂಪನಿಗಳೇ ತೀರ್ಮಾನಿಸುತ್ತವೆ. ಒಬ್ಬರು ಇಟ್ಟ ಹೆಸರಿಗೆ ನಾಲ್ಕು ಜನ ಜೊತೆಗೂಡಿದರೆ ಅದು ಸ್ಟ್ಯಾಂಡರ್ಡ್.

ಹಿಂದಿನ ಗಿಯರುಗಳನ್ನು ಕೂರಿಸುವ ಫ್ರೀಹಬ್ಬಿನಲ್ಲಿ ಇದು ಸ್ಪಷ್ಟ. ಎಂಬತ್ತರ ದಶಕದ ಕೊನೆಯಿಂದ ಶಿಮಾನೊ ಕಂಪನಿಯ ಒಂದು ತೋಡಿನ ವಿನ್ಯಾಸ ಹೆಚ್ಚುಕಡಿಮೆ ಎಲ್ಲರಿಗೂ ನಡೆಯುತ್ತಿತ್ತು. ಅದರ ಮೇಲೆ 11 ಹಲ್ಲಿಗಿಂತ ಸಣ್ಣ ಚಕ್ರ ಕೂರುವುದಿಲ್ಲ. 10 ಹಲ್ಲು ಬೇಕಾದಾಗ ಸ್ರಾಮ್ 2012ರಲ್ಲಿ ತನ್ನದೊಂದು ವಿನ್ಯಾಸ ತಂದಿತು. 2018ರಲ್ಲಿ ಶಿಮಾನೊ ಅದೇ 10 ಹಲ್ಲಿಗಾಗಿ ತನ್ನದೊಂದು ತಂದಿತು. ಅಗತ್ಯ ಒಂದು, ತೋಡು ಎರಡು. ಗಾಲಿ ಕೊಳ್ಳುವವನು ಮೊದಲೇ ಪಕ್ಷ ಸೇರಬೇಕು. ಬಾಟಮ್ ಬ್ರಾಕೆಟ್ಟಿನ, ಅಂದರೆ ಕ್ರ್ಯಾಂಕು ತಿರುಗುವ ಬೇರಿಂಗಿನ, ವಿಷಯವನ್ನು ಉದ್ದ ಮಾಡುವುದಿಲ್ಲ. ತಿರುಪಿನದನ್ನು ಬಿಟ್ಟು ಒತ್ತಿ ಕೂರಿಸುವ ಬೇರಿಂಗಿಗೆ ಹೋದರು, ಕೊಳವೆಯ ಅಳತೆ ಎರಡು ಕೂದಲು ಹೆಚ್ಚುಕಡಿಮೆಯಾದ ಫ್ರೇಮುಗಳು ಪ್ರತಿ ಪೆಡಲಿಗೂ ಕಿರುಗುಟ್ಟಿದವು, ಈಗ ಹಲವರು ಮತ್ತೆ ತಿರುಪಿಗೆ ಮರಳಿದ್ದಾರೆ. ಅಷ್ಟು ವರ್ಷ ಕಿರುಗುಟ್ಟುವ ಫ್ರೇಮ್ ಓಡಿಸಿದವರ ಕ್ಷಮೆಯನ್ನು ಯಾರೂ ಕೇಳಲಿಲ್ಲ.

ಒಳ್ಳೆಯ ಉದಾಹರಣೆಯೂ ಒಂದಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಚೈನನ್ನು ಗಿಯರಿನಿಂದ ಗಿಯರಿಗೆ ಸರಿಸುವ ಹಿಂದಿನ ಡಿರೇಲರ್ ನೇತಾಡುವ ಸಣ್ಣ ಹ್ಯಾಂಗರು ಕಲ್ಲಿಗೆ ತಾಗಿದರೆ ಮೊದಲು ಬಾಗುವುದು ಅದೇ. ಅದು ಬಾಗಲೆಂದೇ ಇರುವುದು, ಫ್ರೇಮ್ ಉಳಿಯಲಿ ಎಂದು. ಒಂದು ಕಾಲದಲ್ಲಿ ಇದಕ್ಕೆ ನೂರಾರು ನಮೂನೆ. ಕೈಯಲ್ಲಿ ಮುರಿದದ್ದನ್ನು ಹಿಡಿದುಕೊಂಡು ಅಂಗಡಿಯ ಡಬ್ಬದಲ್ಲಿ ಜೋಡಿ ಹುಡುಕುತ್ತಿದ್ದೆವು. 2019ರಲ್ಲಿ ಸ್ರಾಮ್ ಎಲ್ಲ ಕಂಪನಿಗಳೂ ತಮ್ಮ ಫ್ರೇಮಿಗೆ ಬಳಸಬಹುದಾದ ಒಂದೇ ಹ್ಯಾಂಗರಿನ ವಿನ್ಯಾಸ ಬಿಟ್ಟಿತು, ಬೇರೆ ಬೇರೆ ಕಂಪನಿಗಳು ಒಪ್ಪಿಕೊಂಡವು. ನನ್ನ ಹೊಸ ಬೈಕಿನಲ್ಲಿ ಅದೇ ಇದೆ. ಅದೇ ಜಾಗದಲ್ಲಿ ಹ್ಯಾಂಗರ್ ಇಲ್ಲದೆ ನೇರ ಫ್ರೇಮಿಗೆ ಕೂರುವ ಡಿರೇಲರನ್ನು 2023ರಲ್ಲಿ ಅದೇ ಕಂಪನಿ ತಂದಿತು ಎನ್ನುವುದೂ ನಿಜ, ಲಾಭದ ಲೆಕ್ಕ ಇಲ್ಲದೆ ಯಾರೂ ಏನೂ ಮಾಡುವುದಿಲ್ಲ. ಇರಲಿ. ಲಾಭ ಮಾಡಿಕೊಳ್ಳಲಿ, ನನ್ನ ಹ್ಯಾಂಗರ್ ಸಿಗಲಿ.

ನಮಗೆ ಇದು ಅಮೆರಿಕದವರಿಗಿಂತ ಹೆಚ್ಚು ಕುಟುಕುತ್ತದೆ. ಒಳ್ಳೆಯ ಮೌಂಟನ್ ಬೈಕಿನ ಭಾಗಗಳು ಬಹುಪಾಲು ಹೊರಗಿನಿಂದ ಬರಬೇಕು. ಸೈಕಲ್ಲಿನ ಮೇಲಿನ ಆಮದು ಸುಂಕವನ್ನು 2023ರ ಬಜೆಟ್ಟಿನಲ್ಲಿ ಶೇ 30ರಿಂದ 35ಕ್ಕೆ ಏರಿಸಿದರು. ಅಂಗಡಿಯವನು ಹಳೆಯ ಅಳತೆಯ ಮಾಲು ತರಿಸಿ ಇಟ್ಟುಕೊಂಡರೆ ಅವನ ದುಡ್ಡು ಕೊಳೆಯುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಜಾಲತಾಣ ಶುರುಮಾಡಿ ನಾಲ್ಕು ವಲಯಗಳನ್ನು ಹೆಸರಿಸಿತು: ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ಮೋಟಾರು ವಾಹನ. ಸೈಕಲ್ಲಿಗೆ ಅಲ್ಲೊಂದು ಸಾಲು ಬೇಕು. ಸೈಕಲ್ಲಿನ ಊರೆಂದು ಹೆಸರಾಗಿದ್ದ ಪುಣೆಯಿಂದಲೇ ಆ ಬೇಡಿಕೆ ಹೋಗಬೇಕು.

ಹಳೆಯ ಸೈಕಲ್ಲನ್ನು ನಾನು ಗುಜರಿಗೆ ಹಾಕಲಿಲ್ಲ. ಹಬ್ ಕೊಟ್ಟ ಮೆಕ್ಯಾನಿಕ್ ವಿಜಯಪುರದ ಕಡೆಯವರು, ನನ್ನ ಮುಖ ನೋಡಿ ಹೇಳಿದರು: “ಕಾಕಾ, ಸಸ್ಪೆನ್ಷನ್ ಆಸೆ ಬಿಡಿ. ಶಾಲೆಯ ಹುಡುಗರ ಸೈಕಲ್ಲಿಗೆ ಬರುತ್ತದಲ್ಲ, ಉಕ್ಕಿನ ಗಟ್ಟಿ ಫೋರ್ಕ್, ಅದನ್ನು ಹಾಕೋಣ.” ನಮ್ಮ ದೇಶದ ಅಗ್ಗದ ಸೈಕಲ್ಲುಗಳಲ್ಲಿ 26 ಇಂಚು ಸತ್ತಿಲ್ಲ, ಟೈರು ಟ್ಯೂಬು ಬೀದಿಬೀದಿಯಲ್ಲಿ ಸಿಗುತ್ತವೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಮಗಳು ಈಗ ಅದರ ಮೇಲೆ ಕಾಲೇಜಿಗೆ ಹೋಗುತ್ತಾಳೆ. ವಿಲಾಯಿತಿ ಪಟ್ಟಿಗಳು ಸತ್ತಿತೆಂದು ಸಾರಿದ ಅಳತೆಯನ್ನು ಇಲ್ಲಿ ಉಳಿಸಿದವರು ಶಾಲೆಯ ಮಕ್ಕಳು ಮತ್ತು ಪಂಕ್ಚರ್ ಅಂಗಡಿಯವರು.

ಹೊಸದನ್ನು ಆರಿಸುವಾಗ ಇದೇ ಬುದ್ಧಿ ಉಪಯೋಗಿಸಿದೆ. ಅತಿ ಹೊಸದಕ್ಕೆ ಹೋಗಲಿಲ್ಲ. 148, ಯಾಕೆಂದರೆ ಇವತ್ತು ಎಲ್ಲೆಡೆ ಇರುವುದು ಅದೇ, ಅದನ್ನು ಬೈದುಕೊಂಡೇ ಒಪ್ಪಿದೆ. ತಿರುಪಿನ ಬಾಟಮ್ ಬ್ರಾಕೆಟ್. ಕೇಬಲ್ಲು ಹೆಡ್‌ಸೆಟ್ಟಿನ, ಅಂದರೆ ತಲೆಕೊಳವೆಯ, ಬೇರಿಂಗಿನೊಳಗೆ ತೂರದ ಫ್ರೇಮ್, ಬೇರಿಂಗ್ ಬದಲಿಸಲು ಬ್ರೇಕಿನ ಕೊಳವೆ ಬಿಚ್ಚುವ ಪಾಡು ಬೇಡ. ಹ್ಯಾಂಗರು ಎರಡು, ಒಂದು ಬೈಕಿನಲ್ಲಿ, ಒಂದು ಮನೆಯ ಡಬ್ಬದಲ್ಲಿ. ಹಳೆಯ ಸ್ಟಾಕು ಎಂದು ಅಂಗಡಿಯವರು ಬೆಲೆ ಇಳಿಸಿದ ಬೈಕು ಕಂಡರೆ, ಇಳಿದ ಬೆಲೆಯ ಕಡೆ ನೋಡುವ ಮೊದಲು ಅದರ ಹಬ್ಬಿನ ಅಗಲ ಕೇಳಿ.

ದುಡ್ಡು ಕೊಡುವ ಮೊದಲು ನಾನು ಅಂಗಡಿಯ ಮಾಲೀಕರಿಗೆ ನಾಲ್ಕು ಪ್ರಶ್ನೆ ಕೇಳಿದೆ. ಫೋರ್ಕಿನ ಸೀಲು ಎಲ್ಲಿ ಸಿಗುತ್ತದೆ? ಬೇರಿಂಗುಗಳ ನಂಬರೇನು? ಫ್ರೀಹಬ್ಬಿನ ಒಳಭಾಗ ಇನ್ನೆಷ್ಟು ವರ್ಷ ಬರುತ್ತದೆ? ಈ ಫ್ರೇಮಿನ ಹಿಂದಿನ ಕೀಲುಗಳ ಬೋಲ್ಟು ಇನ್ನೆಷ್ಟು ವರ್ಷ ಬರುತ್ತದೆ? ಅವರು ಸಜ್ಜನರು. ಬಿಲ್ಲಿನ ಹಿಂದೆ ನಾಲ್ಕನ್ನೂ ಬರೆದುಕೊಂಡರು. ಮೊದಲಿನ ಎರಡಕ್ಕೆ ಅಲ್ಲೇ ಉತ್ತರ ಬರೆದರು. ಉಳಿದೆರಡಕ್ಕೆ ವಿತರಕರಿಗೆ ಫೋನ್ ಮಾಡಿದರು, ಅರ್ಧ ಗಂಟೆ ಕಾದೆವು, ಚಹಾ ತರಿಸಿದರು. ಉತ್ತರ ಬರಲಿಲ್ಲ. ಆ ಬಿಲ್ಲು ಇಲ್ಲಿದೆ, ನೋಡಬಹುದು. ಮೂರನೆಯ ಮತ್ತು ನಾಲ್ಕನೆಯ ಸಾಲಿನ ಮುಂದೆ ಖಾಲಿ ಜಾಗ ಬಿಡಿಸಿ, ತಾರೀಖು ಹಾಕಿಸಿ, ಅವರ ಸಹಿ ಪಡೆದುಕೊಂಡಿದ್ದೇನೆ. ಬರುವ ತಿಂಗಳು ಸರ್ವೀಸಿಗೆ ಹೋಗುವಾಗ ಜೊತೆಗೆ ಒಯ್ಯುತ್ತೇನೆ.